ಹದಿನೆಂಟು ಕಕ್ಕಸಿಗೆ ಒಂದೇ ಬಾಗಿಲು

"ಅಲ್ಲ ಕಣೇ ನಿಂಗಮ್ಮ, ನೀನು ಬಾಯಿ ತೆಗೆದ್ರೆ ಬರೀ ಹೇಲೇ ಬರುತ್ತಲ್ಲೇ! ಬೇರೆ ವಿಷ್ಯಾನೇ ಇಲ್ವಾ ನಿಂಗೆ? ನಾವಿಲ್ಲಿ ತಿಂಡಿ ತಿಂತಾ ಕೂತಿರದು ಕಣ್ಣಿಗೆ ಕಾಣಲ್ವಾ?"

ಪಂಚಾಯಿತಿ ಅಧ್ಯಕ್ಷ ನಿರಂಜನ್ ಇಷ್ಟು ಹೇಳಿ ಗೋಡಂಬಿ ಹಾಕಿದ ಉಪ್ಪಿಟ್ಟಿನ ಇನ್ನೊಂದು ಚಮಚ ಬಾಯಿಗಿಟ್ಟರು. ಮೀಟಿಂಗ್ ಹಾಲಿನಲ್ಲಿದ್ದ ಮೆಂಬರುಗಳೆಲ್ಲ ನಕ್ಕರು. ಗೋಡೆಯ ಮೇಲಿನ ಗಾಂಧಿ ಮೊದಲೇ ನಗುತ್ತಿದ್ದರು. ನಗದೆ ಉಳಿದವಳು ನಿಂಗಮ್ಮ ಒಬ್ಬಳೇ.

ನಿಂಗಮ್ಮನೂ ಮೆಂಬರೇ. ಮೀಸಲು ಸೀಟಿನಲ್ಲಿ, ಲೈನಿನವರ ಓಟಿನಿಂದ ಗೆದ್ದವಳು. ಲೈನು ಅಂದರೆ ತೋಟದ ಆಳುಗಳಿಗೆಂದು ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಹದಿನೆಂಟು ಮನೆಗಳು. ತಿಂಗಳಿಗೊಂದು ದಿನ ಆಕೆ ಅಧ್ಯಕ್ಷರ ಎದುರಿನ ಕುರ್ಚಿಯಲ್ಲಿ ಕೂರುತ್ತಾಳೆ, ಮಿಕ್ಕ ದಿನ ಅದೇ ಅಧ್ಯಕ್ಷರ ತೋಟದಲ್ಲಿ ಕಾಫಿ ಕೊಯ್ಯುತ್ತಾಳೆ. ಆಕೆಗೆ ಅವರು ಇಲ್ಲಿ ಅಧ್ಯಕ್ಷರು, ಅಲ್ಲಿ ಸಾವ್ಕಾರ್ರು. ಅವರಿಗೆ ಆಕೆ ಎರಡೂ ಕಡೆ 'ಏನೇ'.

"ಹೇಲಿನ ಮಾತಲ್ಲ ಸಾ, ಹೆಣದ ಮಾತು ನಾನ್ ಆಡ್ತಿರದು. ನಮ್ಮತ್ಗೆ ಚಿಕ್ಕತಾಯಮ್ಮ ಸತ್ತು ಹನ್ನೊಂದು ದಿನ ಆಯ್ತು. ಬೆಳಗಿನ ಜಾವ ಚೊಂಬು ಹಿಡ್ಕಂಡು ತೋಟದೊಳಕ್ಕೆ ಹೋಗಿದ್ಲು, ಕೂತಿದ್ದಂಗೇ ಆನೆ ತುಳೀತು. ನೀವು ಸೌದೆಗೆ ಕಾಡೊಳಕ್ಕೆ ಹೋಗಿದ್ಲು ಅಂತ ಬರ್ದಿದ್ದೀರಿ."

"ನಾವೆಲ್ಲಿ ಬರ್ದಿದೀವಿ? ಸಭೆ ತೀರ್ಮಾನ ಮಾಡಿದೆ. ಓದ್ರೀ ಅಶೋಕ್."

ಪಂಚಾಯಿತಿ ಕಾರ್ಯದರ್ಶಿ ಅಶೋಕ್ ಬೆರಳಿನ ಎಣ್ಣೆಯನ್ನು ಕರ್ಚೀಫಿಗೆ ಒರೆಸಿಕೊಂಡು ನಡಾವಳಿ ಪುಸ್ತಕ ಎತ್ತಿದ. "ಪಂಚಾಯಿತಿ ವ್ಯಾಪ್ತಿಯ ಎಲ್ಲಾ ಮನೆಗಳಲ್ಲೂ ಶೌಚಾಲಯವಿದ್ದು, ಯಾರೊಬ್ಬರೂ ಬಯಲಿಗೆ ಹೋಗದಿರುವ ಕಾರಣ, ಮೃತೆಯು ಸೌದೆ ತರಲು ಅರಣ್ಯ ಪ್ರವೇಶಿಸಿದ್ದಾಳೆಂದು ಸಭೆಯು ಒಮ್ಮತದಿಂದ ತೀರ್ಮಾನಿಸಿದೆ."

ಒಮ್ಮತ! ಒಬ್ಬ ಹೆಂಗಸು ಹೇಗೆ ಸತ್ತಳೆಂದು ಉಪ್ಪಿಟ್ಟು ತಿನ್ನುತ್ತ ಕೈಯೆತ್ತಿ ಮುಗಿಸಿದ್ದರು. ಆನೆಗೊಂದು ನೋಟೀಸು ಕಳಿಸಿದ್ದರೆ ಅದೂ ಬಂದು ಸೊಂಡಿಲೆತ್ತಿ ಹೋಗುತ್ತಿತ್ತೋ ಏನೋ.

ಇಷ್ಟೆಲ್ಲ ಅವಸರ ಗುರುವಾರಕ್ಕಾಗಿ. ಗುರುವಾರ ಜಿಲ್ಲೆಯಿಂದ ಟೀಮು ಬರುತ್ತದೆ. ಯಾರೂ ಬಯಲಿಗೆ ಹೋಗದ ಪಂಚಾಯಿತಿ ಇದು ಅಂತ ಅವರು ಒಪ್ಪಿದರೆ ಆಫೀಸಿನ ಮುಂದೆ ಒಂದು ಬೋರ್ಡು ಬೀಳುತ್ತದೆ, ನಿರಂಜನ್ ಫೋಟೋ ಪೇಪರಿನಲ್ಲಿ ಬರುತ್ತದೆ. ಚೊಂಬು ಹಿಡಿದು ಸತ್ತ ಹೆಂಗಸು ಆ ಬೋರ್ಡಿಗೆ ಅಡ್ಡ ಮಲಗಿದ್ದಳು.

"ಕಟ್ಟವೆ ಅಂತ ಬರ್ದ್ಬುಟ್ರೆ ಇನ್ಯಾವ ಜನ್ಮಕ್ಕೆ ಕಟ್ತೀರಿ ಸಾ? ನಾಳೆ ಇನ್ನೊಬ್ಳು ಹೋಯ್ತಾಳೆ. ನಾನು ರುಜು ಹಾಕಕಿಲ್ಲ."

ಅಶೋಕ್ ಲ್ಯಾಪ್‌ಟಾಪನ್ನು ಆಕೆಯ ಕಡೆ ತಿರುಗಿಸಿದ. ಹದಿನೆಂಟು ಫೋಟೋ. ಹದಿನೆಂಟು ಕಕ್ಕಸು. ಹದಿನೆಂಟು ನೀಲಿ ಬಾಗಿಲು. ಒಂದೊಂದರ ಪಕ್ಕದಲ್ಲೂ ನಿಂಗಮ್ಮ, ಮೂವತ್ತೆರಡೂ ಹಲ್ಲು ಕಿರಿದುಕೊಂಡು.

"ಇದು ಯಾರು? ನಿಮ್ಮಜ್ಜಿನಾ?" ಎಂದ ಅಶೋಕ್. "ಸುಳ್ಳು ಫೋಟೋ ಅಂದ್ರೆ ಸುಳ್ಳಿಗೆ ನಿಂತೋಳು ನೀನೇ ಕಣಮ್ಮ. ಕೇಸು ನಿನ್ ಮೇಲೇ ಆಗದು."

ನಿಂಗಮ್ಮ ತನ್ನ ಹಲ್ಲುಗಳನ್ನೇ ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡಳು.

ಆ ಫೋಟೋಗಳ ಕತೆ ನಾಲ್ಕು ತಿಂಗಳ ಹಿಂದಿನದು. ಲೈನಿನ ಹಿಂದೆ ಹದಿನೆಂಟು ಗೂಡು ಎದ್ದಿದ್ದವು. ಮೂರು ಗೋಡೆ, ಮೇಲೊಂದು ಶೀಟು. ಗುಂಡಿ ತೋಡಿರಲಿಲ್ಲ, ಬೇಸಿನ್ನನ್ನು ನೆಲದ ಮೇಲೆ ಹಾಗೇ ಪ್ರತಿಷ್ಠಾಪನೆ ಮಾಡಿದ್ದರು. ತೋಟದ ಲೆಕ್ಕ ಬರೆಯುವ ರೈಟರು ನಂದೀಶ್ ಪಿಕಪ್ಪಿನಲ್ಲಿ ಒಂದು ನೀಲಿ ತಗಡಿನ ಬಾಗಿಲು ತಂದ. ಮೊದಲ ಗೂಡಿಗೆ ಬಾಗಿಲು ಒರಗಿಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಂತ ಬರೆದು, "ಮೆಂಬರಮ್ಮ, ಬಾಗ್ಲು ಹಿಡ್ಕಂಡು ನಿಂತ್ಕೊ, ನಗು" ಅಂದ. ಫೋಟೋ ಹೊಡೆದ. ಒಂದನ್ನು ಅಳಿಸಿ ಎರಡು ಬರೆದ. ಹೀಗೆ ಬಾಗಿಲು ಹದಿನೆಂಟು ಮನೆ ಸುತ್ತಿತು. ಹನ್ನೊಂದನೇ ಗೂಡಿನಲ್ಲಿ ಕೈಜಾರಿ ನಿಂಗಮ್ಮನ ಪಾದದ ಮೇಲೆ ಬಿತ್ತು. ಆಕೆಯ ಹೆಬ್ಬೆರಳಿನ ಉಗುರು ಎದ್ದುಹೋಯಿತು, ಬಾಗಿಲಿನ ಮೂಲೆ ನಾಯಿಕಿವಿಯ ಹಾಗೆ ಮಡಚಿಕೊಂಡಿತು. "ಬಾಗ್ಲು ಹಾಳಾಯ್ತಲ್ಲಮ್ಮ!" ಅಂತ ನಂದೀಶ್ ಬೈದ.

ಸಂಜೆ ಬಾಗಿಲು ಪಿಕಪ್ಪು ಹತ್ತಿ ಹೋಯಿತು. ನಿಂಗಮ್ಮನಿಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ತೋಟದಲ್ಲಿ ಬೆಳಗ್ಗೆ ಕೊಟ್ಟದ್ದು ಸಂಜೆ ವಾಪಸು ಹೋಗುವುದೇ ರೂಢಿ. ಚೀಲ ಹೋಗುತ್ತದೆ, ಟಾರ್ಪಾಲು ಹೋಗುತ್ತದೆ, ಕತ್ತಿ ಹೋಗುತ್ತದೆ, ಮೆಣಸು ಬಿಡಿಸುವ ಏಣಿ ಹೋಗುತ್ತದೆ. ಹುಟ್ಟಿದಾಗಿನಿಂದ ಯಾವ ಸಾಮಾನೂ ರಾತ್ರಿ ಲೈನಿನಲ್ಲಿ ಉಳಿದದ್ದನ್ನು ಆಕೆ ಕಂಡಿಲ್ಲ. ಹಾಗೇ ಬಾಗಿಲೂ ಹೋಯಿತು, ನಾಳೆ ಬರುತ್ತದೆ ಅಂದುಕೊಂಡಳು. ಮಾರನೇ ವಾರ ಬಂದದ್ದು ಗೊಬ್ಬರದ ಚೀಲ. ಹದಿನೆಂಟು ಗೂಡಿನ ಬೇಸಿನ್ನುಗಳ ಮೇಲೂ ಯೂರಿಯಾ ಬೆಚ್ಚಗೆ ಕೂತಿತು.

ಮೀಟಿಂಗಿನ ಮರುದಿನ ಕೊಯ್ಲಿನಲ್ಲಿ ರಂಜಿತಾ ಬಿಡಲಿಲ್ಲ. ಈಕೆ ಹೋದ ವರ್ಷ ಪಿರಿಯಾಪಟ್ಟಣದ ಕಡೆಯಿಂದ ಮದುವೆಯಾಗಿ ಲೈನಿಗೆ ಬಂದವಳು. ಈಗ ಏಳು ತಿಂಗಳ ಬಸುರಿ. ನಾಲಿಗೆ ಮಾತ್ರ ಚುರುಕು.

"ರುಜು ಹಾಕ್ಬಂದ್ಯಂತೆ?" ಎಂದಳು, ಕಾಫಿ ಗಿಡದ ಆಚೆಯಿಂದ.

ನಿಂಗಮ್ಮ ಹಣ್ಣು ಕೊಯ್ಯುತ್ತಲೇ ಇದ್ದಳು.

"ನಿಂಗೆ ಓಟಾಕಿದ್ದು ಬಾಗ್ಲು ಹಿಡ್ಕಳಕ್ಕಾ ಅತ್ತೆ? ಹಂಗಾದ್ರೆ ಒಂದ್ ಮೊಳೆಗೇ ಹಾಕಿದ್ರಾಯ್ತಿತ್ತಲ್ಲ. ಅದಾದ್ರೂ ಬಾಗ್ಲ ಜೊತೆ ಗಟ್ಟಿಯಾಗಿ ನಿಂತಿರದು."

"ಬಾಯ್ಮುಚ್ಚೇ, ಬೋಸುಡಿ."

"ನಾನ್ ಮುಚ್ಚ್ತೀನಿ. ಕೆಳಗೆ ಮುಚ್ಕಳಕ್ಕೆ ಏನೈತೆ ಹೇಳು?"

ಸುತ್ತಲಿನ ಗಿಡಗಳೆಲ್ಲ ಕಿಸಕ್ಕೆಂದವು. ನಿಂಗಮ್ಮನ ಕೈ ನಿಂತಿತು.

ಲೈನಿನ ಹೆಂಗಸರು ಸಂಜೆಯಾದ ಮೇಲೆ ನೀರು ಕುಡಿಯುವುದಿಲ್ಲ. ಅತ್ತೆಯಂದಿರು ಸೊಸೆಯಂದಿರಿಗೆ ಮೊದಲು ಕಲಿಸುವ ಪಾಠವೇ ಅದು. ಕುಡಿದರೆ ಕತ್ತಲಲ್ಲಿ ಏಳಬೇಕು, ಎದ್ದರೆ ಆನೆ. ಚಿಕ್ಕತಾಯಮ್ಮ ಆ ಪಾಠವನ್ನು ಮೂವತ್ತು ವರ್ಷ ತಪ್ಪಿಸಿರಲಿಲ್ಲ. ಜ್ವರ ಬಂದಿತ್ತು ಅಂತ ಅವತ್ತೊಂದು ರಾತ್ರಿ ಗಂಜಿ ಕುಡಿದಿದ್ದಳು.

ಕೆಲಸ ಬಿಟ್ಟು ಬಂದಾಗ ಅಣ್ಣ ಸಣ್ಣಸ್ವಾಮಿ ಜಗಲಿಯಲ್ಲಿ ಕೂತು ಹೆಂಡತಿಯ ಚೊಂಬನ್ನು ಕಲ್ಲಿನಿಂದ ಕುಟ್ಟುತ್ತಿದ್ದ. ಆನೆಯ ಕಾಲಡಿ ತಟ್ಟೆಯಾಗಿದ್ದ ಸ್ಟೀಲಿನ ಚೊಂಬು. ಹನ್ನೆರಡು ದಿನದಿಂದ ಕುಟ್ಟುತ್ತಲೇ ಇದ್ದಾನೆ. ಒಂದು ಕಡೆ ಉಬ್ಬಿದರೆ ಇನ್ನೊಂದು ಕಡೆ ತಗ್ಗುತ್ತಿತ್ತು.

"ಸೌದೆಗೆ ಹೋಗಿದ್ಲಂತಾ?" ಎಂದ, ತಲೆಯೆತ್ತದೆ. "ಸೌದೆಗೆ ಯಾರವ್ವಾ ಚೊಂಬ್ ತಗಂಡ್ ಹೋಯ್ತಾರೆ?"

ನಡಾವಳಿ ಪುಸ್ತಕದಲ್ಲಿ ಚೊಂಬಿನ ಮಾತೇ ಇರಲಿಲ್ಲ.

ಬುಧವಾರ ಸಾವುಕಾರರ ಹೋಂಸ್ಟೇಯಲ್ಲಿ ಕಸ ಗುಡಿಸಲು ನಿಂಗಮ್ಮನನ್ನು ಕರೆಸಿದರು. ಟೀಮಿನವರಿಗೆ ಊಟ ಅಲ್ಲೇ. ಅಂಗಳ ಗುಡಿಸಿ, ಕಾರು ಶೆಡ್ಡಿನ ಹಿಂದಕ್ಕೆ ಹೋದಳು. ಅಲ್ಲಿ ಟೂರಿಸ್ಟುಗಳನ್ನು ಕರೆತರುವ ಡ್ರೈವರುಗಳಿಗೆಂದು ಹೊಸದಾಗಿ ಒಂದು ಕಕ್ಕಸು ಕಟ್ಟಿಸಿದ್ದರು. ನಲ್ಲಿ, ಬಕೆಟ್ಟು, ಬಲ್ಬು ಎಲ್ಲ ಇತ್ತು. ಬಾಗಿಲು ನೀಲಿ.

ನಿಂಗಮ್ಮ ಪೊರಕೆ ಬಿಟ್ಟು ಕುಕ್ಕರಗಾಲಲ್ಲಿ ಕೂತಳು. ಕೆಳಗಿನ ಮೂಲೆ ನಾಯಿಕಿವಿಯ ಹಾಗೆ ಮಡಚಿಕೊಂಡಿತ್ತು. ಮೇಲೆ, ಸರಿಯಾಗಿ ಅಳಿಸದ ಸೀಮೆಸುಣ್ಣದಲ್ಲಿ, ಹದಿನೆಂಟು.

"ಎಂದಾ ಚೇಚಿ, ಬಾಗ್ಲಿಗೆ ಪೂಜೆನಾ?" ಕೇರಳದ ಅಡುಗೆಯವನು ಕಿಟಕಿಯಿಂದ ಕೂಗಿದ.

"ನಮ್ ನೆಂಟ್ರು ಕಣಣ್ಣ," ಎಂದಳು ನಿಂಗಮ್ಮ. "ಬಾಳ ದಿನ ಆಗಿತ್ತು ನೋಡಿ."

ಅವತ್ತು ಸಂಜೆ ನಂದೀಶ್ ಲೈನಿಗೆ ಬಂದು ಬೈಕಿನಿಂದ ಇಳಿಯದೆಯೇ ಅಪ್ಪಣೆ ಕೊಡಿಸಿದ. ನಾಳೆ ಯಾರೂ ಲೈನಿನ ಹತ್ತಿರ ಕಾಣಬಾರದು, ಎಲ್ಲರೂ ಹೋಂಸ್ಟೇ ಕೆಳಗಿನ ಬ್ಲಾಕಿನಲ್ಲೇ ಕೊಯ್ಲು. ಟೀಮು ಹೋಗುವ ತನಕ ಒಬ್ಬಳೂ ಚೊಂಬು ಹಿಡಿದು ಕಣ್ಣಿಗೆ ಬೀಳಬಾರದು. ನಿಂಗಮ್ಮ ರೇಷ್ಮೆ ಸೀರೆ ಉಟ್ಟು ಬರಬೇಕು, ಹಾರದ ತಟ್ಟೆ ಹಿಡಿಯಬೇಕು, ಬಾಯಿ ಬಿಡಬಾರದು.

"ಅರ್ಜೆಂಟಾದ್ರೆ ಏನ್ ಮಾಡದು ರೈಟ್ರೇ?" ಎಂದಳು ರಂಜಿತಾ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

"ತಡ್ಕಳ್ರಿ. ಒಂದ್ ದಿನ ತಡ್ಕಂಡ್ರೆ ಸಾಯ್ತೀರಾ?"

ಅಷ್ಟೂ ಹೆಂಗಸರು ನಿಂಗಮ್ಮನ ಕಡೆ ನೋಡಿದರು. ಆಕೆ ಬೈಕು ತಿರುವು ದಾಟುವುದನ್ನು ನೋಡಿಕೊಂಡಳು.

"ರೈಟ್ರು ಸರಿಯಾಗೇ ಹೇಳವ್ರೆ," ಎಂದಳು ಆಮೇಲೆ. "ತಡ್ಕಳನ. ನಾಳೆ ಯಾರೂ ಬೆಳಗ್ಗೆ ಹೋಗದ್ ಬ್ಯಾಡ. ಹನ್ನೆರಡ್ ಗಂಟೆ ತಂಕ ತಡ್ಕಳನ. ಎದ್ದೇಟ್ಗೆ ಒಬ್ಬೊಬ್ರೂ ಎರಡೆರಡು ಚೊಂಬ್ ನೀರು ಕುಡೀರಿ."

ನೀಲಿ ಬಾಗಿಲು ಎಲ್ಲಿದೆಯೆಂದು ನಿಂಗಮ್ಮ ಆಗಲೇ ಎಲ್ಲರಿಗೂ ಹೇಳಿದ್ದಳು. ರಂಜಿತಾಗೆ ಮೊದಲು ಅರ್ಥವಾಯಿತು. ಬಸುರಿ ಹೊಟ್ಟೆ ಕುಲುಕುವ ಹಾಗೆ ನಕ್ಕಳು.

ಗುರುವಾರ ಹನ್ನೊಂದಕ್ಕೆ ಟೀಮು ಹೋಂಸ್ಟೇಗೆ ಬಂತು. ಒಬ್ಬರು ಮೇಡಂ, ಒಬ್ಬ ಫೈಲು ಹೊರುವವನು. ನಿಂಗಮ್ಮ ತಟ್ಟೆ ಹಿಡಿದಳು, ನಿರಂಜನ್ ಹಾರ ಹಾಕಿದರು. ಮೇಡಂ ಫೈಲು ತೆಗೆದು ಫೋಟೋ ನೋಡಿ, ನಿಂಗಮ್ಮನನ್ನು ನೋಡಿದರು.

"ನೀವೇ ಅಲ್ವಾ ಇವ್ರು? ಚೆನ್ನಾಗಿ ಬಂದಿದೀರಿ."

"ನಮ್ಮ ಮೆಂಬರು ಮೇಡಂ. ತುಂಬಾ ಆ್ಯಕ್ಟಿವ್," ಎಂದರು ನಿರಂಜನ್. ಮೆಂಬರಾದ ಎರಡು ವರ್ಷದಲ್ಲಿ ಆಕೆಯನ್ನು ಬಹುವಚನದ ಹತ್ತಿರಕ್ಕಾದರೂ ಕರೆದೊಯ್ದದ್ದು ಅದೇ ಮೊದಲು.

"ಒಂದ್ಸಲ ಲೈನ್ ಹತ್ರ ಹೋಗಿ ಬರೋಣ?"

"ಹೋಗ್ಬಹುದಿತ್ತು ಮೇಡಂ. ಆದ್ರೆ ಆ ಕಡೆ ಆನೆ ಇದೆ. ತಿತಿಮತಿ ಕಾಡಿಂದ ಇಳಿದಿರೋ ಒಂಟಿ ಸಲಗ. ನಿಮ್ಗೆ ಸೇಫ್ ಅಲ್ಲ."

"ಅಯ್ಯೋ, ಹಾಗಾದ್ರೆ ಬೇಡಪ್ಪ. ಫೋಟೋ ಇದೆಯಲ್ಲ."

ಹದಿನೆಂಟು ಮನೆ ಹೆಂಗಸರನ್ನು ದಿನಾ ಬೆಳಗ್ಗೆ ಕಳಿಸುತ್ತಿದ್ದ ಜಾಗಕ್ಕೆ ಮೇಡಂ ಜೀಪಿನಲ್ಲೂ ಹೋಗುವಂತಿರಲಿಲ್ಲ. ಎಲೆ ಹಾಕಿದರು. ಅಕ್ಕಿರೊಟ್ಟಿ, ಎಣ್ಣೆಗಾಯಿ, ಪಾಯಸ. ಅಶೋಕ್ ಬಡಿಸುವವನ ಹಿಂದೆಯೇ ಫೈಲು ಹಿಡಿದು ಓಡಾಡುತ್ತಿದ್ದ, ಮೇಡಂ ಕೈ ತೊಳೆದ ಕೂಡಲೇ ರುಜು ಹಾಕಿಸಲು.

ನಿಂಗಮ್ಮ ಹಾರದ ತಟ್ಟೆಯನ್ನು ಊಟದ ಎಲೆಗಳ ನಡುವೆ ಇಟ್ಟಳು.

"ಮೇಡಂ, ಲೈನಿಗೆ ಹೋಗದ್ ಬ್ಯಾಡ. ಬಾಗ್ಲು ಇಲ್ಲೇ ಐತೆ. ಬನ್ನಿ, ತೋರುಸ್ತೀನಿ."

"ಏಯ್!" ಎಂದರು ನಿರಂಜನ್.

ಆಗ ಕೆಳಗಿನ ಬ್ಲಾಕಿನಿಂದ ಗಿಡ ಸರಿದ ಸದ್ದಾಯಿತು. ಮೇಡಂ ಆನೆಯೆಂದು ಎದ್ದೇಬಿಟ್ಟರು. ಬಂದವರು ಹೆಂಗಸರು. ಮೂವತ್ತೆರಡು ಜನ. ಕೊಯ್ಲಿನ ಗೋಣಿ ಸೊಂಟದಲ್ಲೇ ಇತ್ತು. ಪ್ಲಾಸ್ಟಿಕ್ಕಿನದು, ಸ್ಟೀಲಿನದು, ತೆಂಗಿನೆಣ್ಣೆ ಡಬ್ಬದ್ದು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೊಂಬು. ನಡಿಗೆಯಲ್ಲೇ ತಿಳಿಯುತ್ತಿತ್ತು ಎಷ್ಟು ತಡೆದುಕೊಂಡಿದ್ದಾರೆಂದು. ಅಂಗಳ ದಾಟಿ, ಊಟದ ಎಲೆಗಳ ಪಕ್ಕದಲ್ಲೇ ಹಾದು, ಕಾರು ಶೆಡ್ಡಿನ ಹಿಂದೆ ಸಾಲು ನಿಂತರು. ಸಾಲಿನ ಬಾಲ ಊಟದ ಪಂಕ್ತಿಯವರೆಗೂ ಬಂತು.

ನಿರಂಜನ್ ಎಂಜಲು ಕೈಯಲ್ಲೇ ಓಡಿದರು. "ಎಲ್ಲಿಗ್ರೇ ಬಂದ್ರಿ, ಸೂಳೆಮುಂಡೇರಾ! ಇದು ನಮ್ ಕಕ್ಕಸ್ಸು!"

"ಬಾಗ್ಲು ನಮ್ದಲ್ವಾ ಸಾವ್ಕಾರ್ರೇ," ಎಂದಳು ರಂಜಿತಾ. "ಫೋಟೋದಾಗೈತಲ್ಲ. ಮೂಲೆ ನೋಡಿ, ನಂಬರ್ ನೋಡಿ. ಹದ್ನೆಂಟು ನಮ್ಮನೆ." ಆಕೆ ಒಳಗೆ ಹೋದಳು. ಬೋಲ್ಟು ಟಕ್ಕೆಂದಿತು.

ಆ ಸದ್ದಿಗೆ ಇಡೀ ಸಾಲು ನಕ್ಕಿತು. ಮೇಡಂ ಫೈಲಿನ ಫೋಟೋ ನೋಡಿದರು, ಬಾಗಿಲಿನ ಮೂಲೆ ನೋಡಿದರು, ಮತ್ತೆ ಫೋಟೋ ನೋಡಿದರು. ಪೆನ್ನಿನ ಮುಚ್ಚಳ ತೆಗೆದವರು ಹಾಕಲೂ ಇಲ್ಲ, ಬರೆಯಲೂ ಇಲ್ಲ. ನಂದೀಶ್ ಫೋನ್ ಹಿಡಿದು ಯಾರು ಯಾರು ಬಂದಿದ್ದಾರೆಂದು ಒಬ್ಬೊಬ್ಬರ ಮುಖವನ್ನೂ ಹೊಡೆದುಕೊಳ್ಳುತ್ತಿದ್ದ. ಈ ಸಲ ಯಾರೂ ನಗು ಅಂತ ಹೇಳಿಸಿಕೊಳ್ಳಲಿಲ್ಲ.

ಒಬ್ಬಳು ಹೊರಗೆ ಬಂದಳು, ಇನ್ನೊಬ್ಬಳು ಒಳಗೆ ಹೋದಳು. ಯಾರೂ ಅವಸರ ಮಾಡಲಿಲ್ಲ. ಪಾಯಸಕ್ಕೆ ಕೆನೆ ಕಟ್ಟಿತು. ನೀರಿನ ಟ್ಯಾಂಕು ಅರ್ಧ ಇಳಿಯಿತು.

"ನಾಳೆಯಿಂದ ಒಬ್ಳಿಗೂ ಕೆಲ್ಸ ಇಲ್ಲ! ಲೈನ್ ಖಾಲಿ ಮಾಡುಸ್ತೀನಿ! ಆ ನಿಂಗಿ ಎಲ್ಲಿ?" ನಿರಂಜನ್ ಕೂಗಿದರು.

ನಿಂಗಮ್ಮ ಸಾಲಿನ ಕೊನೆಯಲ್ಲಿದ್ದಳು. ಆಕೆಯ ಸರದಿ ಬಂದಿತ್ತು. ರೇಷ್ಮೆ ಸೆರಗಿನೊಳಗಿಂದ ಚಿಕ್ಕತಾಯಮ್ಮನ ಚೊಂಬು ತೆಗೆದಳು. ಅಣ್ಣ ಅಷ್ಟು ಕುಟ್ಟಿದರೂ ಅದರಲ್ಲಿ ಒಂದು ಬೊಗಸೆ ನೀರೂ ನಿಲ್ಲುತ್ತಿರಲಿಲ್ಲ. ಒಳಗೆ ಹೋಗಿ ಬೋಲ್ಟು ಹಾಕಿಕೊಂಡಳು. ನಲ್ಲಿ ಬಿಟ್ಟು ಚೊಂಬನ್ನು ಕೆಳಗಿಟ್ಟಳು. ನೀರು ಒಂದು ಕಡೆ ಬಿದ್ದು ಇನ್ನೊಂದು ಕಡೆ ಸೋರುತ್ತ ಹರಿಯಿತು.

ಹೊರಗಿನಿಂದ ಬಾಗಿಲಿಗೆ ಒದೆ ಬಿತ್ತು. ತಗಡು ಬೋರ್ಗರೆಯಿತು. ಇನ್ನೊಂದು ಒದೆ. ಮಡಚಿದ ಮೂಲೆಯ ಸಂದಿಯಿಂದ ಸಾವುಕಾರರ ಚಪ್ಪಲಿ ಕಂಡಿತು.

"ತಡ್ಕಳಿ ಸಾ," ಎಂದಳು ನಿಂಗಮ್ಮ, ಸೀರೆ ನೆರಿಗೆ ಎತ್ತಿ ನಿಧಾನವಾಗಿ ಕೂರುತ್ತ. "ಒಳಗೆ ಜನ ಅವ್ರೆ."