ಎಂಟನೆಯ ಗ್ಲಾಸು

ಐಸ್ ಚೂರು ಹಲ್ಲಿಗೆ ತಾಗ್ತಿದೆ, ಇದೂ ನೀರೇ, ಏಳನೇದು, ಈ ಊರ ಹೆಸರು ಕೇಳಿದ್ರೆ ಸಾಕು ಜನ ಕುಡಿದು ಕುಣಿಯೋಕೆ ವಿಮಾನ ಹತ್ತಿ ಬರ್ತಾರೆ, ಒಂದು ಕಾಕ್‌ಟೇಲ್ ನೆಟ್ಟಗೆ ಬೆರೆಸೋ ಕೈ ಒಂದೂ ಇಲ್ಲ — ಬರೀ ಸಿಹಿ, ಬರೀ ತಣ್ಣಗೆ, ಮೇಲೊಂದು ಕಾಗದದ ಛತ್ರಿ, ಜಿನ್ ಹಾಕಿದೀಯೋ ಇಲ್ವೋ ಅಂದ್ರೆ ನಿಮ್ಮ ಕಣ್ಣೆದುರಿಗೇ ಸುರಿದೆನಲ್ಲ ಮೇಡಂ ಅಂತಾನೆ ಈ ಗಡ್ಡದವನು, ಸುರಿಯೋದು ಬೇರೆ, ಬೆರೆಸೋದು ಬೇರೆ, ಅಂದು ಗ್ಲಾಸನ್ನ ಅವನ ಕಡೆಗೇ ತಳ್ಳಿ ಎದ್ದೆ. ಮೂರು ದಿನ, ಏಳು ಬಾರು, ಒಂದೊಂದರಲ್ಲೂ ಎರಡೇ ಗುಟುಕು. ಸೋಮವಾರ ಹೋಟೆಲಿನ ಹೊಸ ಬಾರ್ ಶುರು, ಮ್ಯಾನೇಜರ್ ಕೈ ಮುಗಿದು ಹೇಳಿದಾರೆ, ನಡೆಸೋರು ನೀವು, ಬೆರೆಸೋರನ್ನೂ ನೀವೇ ಹುಡುಕಿ, ನಿಮ್ಮ ನಾಲಿಗೆ ಒಪ್ಪಿದ್ರೆ ನಾವು ಮಾತಾಡಲ್ಲ. ಇಪ್ಪತ್ತೆರಡು ವರ್ಷ ಬಾರ್ ಕೌಂಟರಿನ ಹಿಂದೆ ಸವೆಸಿದ ನಾಲಿಗೆ. ಉಳಿದಿರೋದು ಒಂದೇ ಬಾಗಿಲು, ತಂಗಿಯ ಬಾರಿಂದು, ಅಲ್ಲಿಗೆ ಹೋಗಬಾರದು ಅಂತಲೇ ಈ ಸುಡುಬಿಸಿಲಲ್ಲಿ ಏಳು ಕಡೆ ಅಲೆದೆನೋ ಏನೋ — ನಾಲ್ಕು ವರ್ಷ ಮಾತಿಲ್ಲ, ನನ್ನ ಕೈಕೆಳಗೆ ಕೆಲಸಕ್ಕಿದ್ದವಳಿಗೆ ಗಿರಾಕಿಗಳ ಎದುರೇ ಅಂದಿದ್ದೆ, ನಿನ್ನ ಕೈಗೆ ಗ್ಲಾಸು ತೊಳೆಯೋದೇ ಸರಿ ಅಂತ, ಅವಳು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ, ಕೌಂಟರ್ ಮೇಲಿಟ್ಟು ಹೋದಳು, ಅಷ್ಟು ನೀಟಾಗಿ ಮಡಿಸದೇ ಎಸೆದಿದ್ರೆ ನನಗೂ ಬೈಯೋಕೆ ಏನಾದ್ರೂ ಸಿಗ್ತಿತ್ತು.

ಅವಳ ಬಾರಲ್ಲಿ ಕುರ್ಚಿಗಳಿನ್ನೂ ಮೇಜಿನ ಮೇಲೇ ತಲೆಕೆಳಗಾಗಿವೆ, ಬಾ ಅಕ್ಕ, ಕೂತ್ಕೋ ಅಂತಾಳೆ, ನಿನ್ನೆಯಷ್ಟೇ ನೋಡಿದವಳ ಹಾಗೆ, ಏನು ಬೇಕು ಅಂತಲೂ ಕೇಳಲ್ಲ, ನಾನು ಕಲಿಸಿದ್ದನ್ನೇ ಶುರು ಮಾಡ್ತಾಳೆ — ಜಿನ್, ಕೆಂಪು ಕಹಿ ಮದ್ಯ, ಸಿಹಿ ವೈನು, ಮೂರೂ ಸಮ, ಚಮಚದ ಸದ್ದಾಗದ ಹಾಗೆ ತಿರುಗಿಸ್ತಾಳೆ, ನನ್ನದೇ ಮಣಿಕಟ್ಟು ಅಲ್ಲಿ ತಿರುಗಿದ ಹಾಗೆ, ಕೊನೆಗೆ ಕಿತ್ತಳೆ ಸಿಪ್ಪೆ. ಕುಡಿದೆ. ಕಹಿ. ಕಹಿ, ಆಮೇಲೆ ಏನೂ ಇಲ್ಲ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ, ಕಿತ್ತಳೆ ಹಳೇದು ಕಣೇ ಅಂದೆ, ವಾಸನೆಯೇ ಇಲ್ಲ. ಈಗ ತಾನೇ ಸುಲಿದೆನಲ್ಲ ಅಕ್ಕ, ಅಂದಳು, ಇನ್ನೊಂದು ಹಣ್ಣು ತಗೊಂಡು, ಸಿಪ್ಪೆ ಕೊಯ್ದು, ನನ್ನ ಮೂಗಿನ ಹತ್ತಿರವೇ ತಂದು ಮಡಚಿದಳು, ಕಿಟಕಿಯ ಬೆಳಕಲ್ಲಿ ಸಣ್ಣ ತುಂತುರು ಎದ್ದಿತು, ತುಟಿ ಒದ್ದೆಯಾಯ್ತು, ಅಷ್ಟೇ. ಅವಳು ನನ್ನ ಮುಖ ನೋಡ್ತಾ ಇದ್ದಳು. ಯಾವಾಗಿಂದ ಅಕ್ಕ, ಅಂದಳು. ಯಾವಾಗಿಂದ — ಹೋದ ತಿಂಗಳ ಜ್ವರ, ಆಮೇಲೆ ಕಾಫಿ ಬಿಸಿನೀರಾಗಿತ್ತು, ಪುಡಿಯವನಿಗೆ ಬೈದು ಬಂದೆ, ಹಾಲು ಸೀದು ಪಾತ್ರೆ ಕರಿಯಾದಾಗ ಪಕ್ಕದ ರೂಮಲ್ಲೇ ಕೂತಿದ್ದೆ, ಹೊಗೆ ಕಣ್ಣಿಗೆ ಬಿದ್ದ ಮೇಲೆ ಎದ್ದೆ, ಕಣ್ಣಿಗೆ — ಏಳು ಜನರ ಕಡೆಗೆ ಏಳು ಗ್ಲಾಸು ತಳ್ಳಿ ಬಂದೆ, ಕುಣಿಯಲಾರದವಳಿಗೆ ನೆಲ ಡೊಂಕು, ಇದನ್ನ ನಾನು ಎಷ್ಟು ಜನಕ್ಕೆ ಅಂದಿಲ್ಲ. ಹಣ್ಣೇ ಹಳೇದು ಅಂದೆ ಮತ್ತೆ. ಅವಳು ಬೈಯಬೇಕಿತ್ತು, ನಾಲ್ಕು ವರ್ಷದ್ದನ್ನೆಲ್ಲ ಈಗ ಅನ್ನಬೇಕಿತ್ತು. ಹೂಂ ಅಕ್ಕ, ಹಳೇದೇ ಇರ್ಬೇಕು, ಅಂದಳು, ಎಷ್ಟು ಮೆಲ್ಲಗೆ, ಮತ್ತೊಂದು ಹಣ್ಣು ಕೈಗೆತ್ತಿಕೊಂಡಳು, ಮತ್ತೆ ಸಿಪ್ಪೆ, ಮತ್ತೆ ಮಡಚ್ತಾಳೆ, ಬೆಳಕಲ್ಲಿ ತುಂತುರು, ತುಟಿ ಒದ್ದೆ, ಬೆಳಕಲ್ಲಿ ತುಂತುರು, ಕಾಣ್ತಿದೆ, ಚೆನ್ನಾಗಿ ಕಾಣ್ತಿದೆ, ತುಂತುರು