ಎರಡನೇ ಸಹಿ

ಬೋರೆಕೊಪ್ಪಲಿನ ತಿರುವಿನಲ್ಲಿ ಬಾಳೆಕಂಬ ಕಟ್ಟಿದ್ದನ್ನು ಕಂಡು ಯಾರದೋ ಮದುವೆ ಅಂದುಕೊಂಡೆ. ರಸ್ತೆಯ ಗುಂಡಿಗಳಿಗೆ ಕೆಂಪು ಗ್ರಾವೆಲ್ ತುಂಬಿದ್ದರು. ಆಟೋ ನಿಧಾನ ಮಾಡಿ ತಲೆ ಎತ್ತಿದೆ. ಎರಡು ಗುಡ್ಡಗಳ ನಡುವೆ, ಆಕಾಶಕ್ಕೆ ಅಡ್ಡಲಾಗಿ, ಮೂರು ಹೊಸ ತಂತಿಗಳಿದ್ದವು.

ಇಳಿದು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ತಂತಿ ಮಾಯವಾಯಿತು. ವಾಪಸು ಬಂದೆ. ಮತ್ತೆ ಕಂಡಿತು.

ನನ್ನ ಕೆಲಸ ಇಷ್ಟೇ: ಹೆಲಿಕಾಪ್ಟರಿಗಿಂತ ಮೊದಲು ಊರಿಗೆ ಹೋಗುವುದು. ನೆಲದೊಳಗೆ ಎಂಥ ಕಲ್ಲಿದೆ, ಅದರಲ್ಲಿ ಲೋಹ ಸಿಕ್ಕೀತೇ ಎಂದು ಮೇಲಿನಿಂದಲೇ ಅಳೆಯುವ ಕಂಪನಿಯೊಂದು ಕೃಷ್ಣರಾಜಪೇಟೆಯ ಹೊರಗೆ ಮೈದಾನ ಹಿಡಿದು ಕೂತಿತ್ತು. ನಾಗಮಂಗಲದ ಕಡೆಯ ಕೆಲಸ ಮುಗಿಸಿ ಈಗ ಕಿಕ್ಕೇರಿ ಹೋಬಳಿಗೆ ಬಂದಿದ್ದರು. ಹೊಲ ಉಳುವ ಹಾಗೆ ಹಾರುತ್ತಾರೆ. ಇನ್ನೂರು ಮೀಟರಿಗೊಂದು ಗೆರೆ; ಪೂರ್ವದಿಂದ ಪಶ್ಚಿಮಕ್ಕೆ ಹೋಗಿ, ತಿರುಗಿ, ಪಕ್ಕದ ಗೆರೆಯಲ್ಲಿ ವಾಪಸು. ಹೆಲಿಕಾಪ್ಟರಿನ ಕೆಳಗೆ ನಲವತ್ತು ಮೀಟರಿನ ಹಗ್ಗದಲ್ಲಿ ಒಂದು ಬಳೆ ತೂಗುತ್ತಿರುತ್ತದೆ, ಆಲೆಮನೆಯ ಅಂಗಳದಷ್ಟು ಅಗಲದ್ದು. ಅದು ನೆಲಕ್ಕೆ ವಿದ್ಯುತ್ತಿನ ಮಿಡಿತ ಕಳಿಸಿ, ನೆಲ ಏನು ಮರುದನಿ ಕೊಡುತ್ತದೆ ಎಂದು ಕಿವಿಗೊಡುತ್ತದೆ. ಕೇಳಬೇಕೆಂದರೆ ಹತ್ತಿರ ಇರಬೇಕು. ತೆಂಗಿನ ಮರಕ್ಕಿಂತ ಒಂದಿಷ್ಟು ಮೇಲೆ, ಅಷ್ಟೇ.

ಹೆಲಿಕಾಪ್ಟರಿನಲ್ಲಿ ಪೈಲಟ್ ಬಿಟ್ಟರೆ ಯಂತ್ರ ನೋಡಿಕೊಳ್ಳುವ ಸ್ನೇಹ ಇರುತ್ತಾಳೆ. ಪಾಂಡವಪುರದವಳು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ಅವಳೇ ಹಾಳೆಗಳ ಕಟ್ಟು ಕೊಟ್ಟು ಹೇಳಿದ್ದಳು: "ಯಾಸಿನ್, ಪೈಲಟ್‌ಗೆ ತಂತಿ ಕಾಣಲ್ಲ. ಅವರಿಗೆ ಕಾಣೋದು ನಿನ್ನ ಹಾಳೆ ಮಾತ್ರ."

ಒಂದೊಂದು ಗೆರೆಗೂ ಒಂದು ಹಾಳೆ. ಕೆಳಗೆ ಎರಡು ಸಹಿ. ಮೊದಲನೆಯದು ತಂತಿ, ಟವರುಗಳನ್ನು ನೋಡಿ ಬಂದ ದಿನ. ಎರಡನೆಯದು ಹಾರಾಟದ ಹಿಂದಿನ ದಿನ, ಮತ್ತೊಮ್ಮೆ ಹೋಗಿ ನೋಡಿ. ಬೋರೆಕೊಪ್ಪಲಿನ ಹಾಳೆಗೆ ನಾನು ಎರಡು ಸಹಿಯನ್ನೂ ಒಂದೇ ದಿನ, ಕಿಕ್ಕೇರಿಯ ಹೋಟೆಲಿನಲ್ಲಿ ಟೀ ಆರುವಷ್ಟರಲ್ಲಿ ಹಾಕಿದ್ದೆ. ತಾರೀಖು ಮಾತ್ರ ಬೇರೆ ಬೇರೆ ಬರೆದಿದ್ದೆ. ಗುಡ್ಡದ ಕಂಬಗಳು ಎರಡು ವರ್ಷದಿಂದ ತಂತಿಯಿಲ್ಲದೆ ಬೋಳಾಗಿ ನಿಂತಿದ್ದವು, ಅರ್ಧದವರೆಗೆ ಬಳ್ಳಿ ಹಬ್ಬಿತ್ತು. ಒಂದು ವಾರದಲ್ಲಿ ಅವಕ್ಕೆ ಏನಾದೀತು?

ದಕ್ಷಿಣದಲ್ಲಿ ಸದ್ದು ಕೇಳಿಸಿತು. ಒನಕೆ ಕುಟ್ಟಿದಂತೆ, ದೂರದಲ್ಲಿ, ಪಶ್ಚಿಮದ ಕಡೆಗೆ ಹೋಗುತ್ತ. ಒಂದು ಗೆರೆಗೆ ಆರು ನಿಮಿಷ. ಅದು ಬೋರೆಕೊಪ್ಪಲಿನ ಗೆರೆಗಿಂತ ಮೂರು ಗೆರೆ ಹಿಂದೆ ಇತ್ತು.

ಗುಡ್ಡಗಳ ನಡುವಿನ ಬಯಲಿಗೆ ಓಡಿದೆ. ಅಲ್ಲಿ ಊರಿಗೆ ಊರೇ ಸೇರಿತ್ತು. ಹೆಂಗಸರು ಆರತಿ ತಟ್ಟೆ ಹಿಡಿದಿದ್ದರು. ತಂತಿಯ ನೇರ ಕೆಳಗೆ, ನೆಲ ಗುಡಿಸಿ, ಸುಣ್ಣದಲ್ಲಿ ದೊಡ್ಡದೊಂದು ವೃತ್ತ ಬರೆದಿದ್ದರು. ಗುಡ್ಡದ ಮೇಲಿನ ಬೋರೇದೇವರ ದೇವಸ್ಥಾನದ ಕಮಿಟಿಯ ಹಿರಿಯ ಜವರಯ್ಯ, ಹೆಗಲ ಮೇಲೆ ಹೊಸ ಟವೆಲು, ಕೈಯಲ್ಲಿ ಹಾರ.

"ಬಂದ್ಯೇನ್ಲಾ ಯಾಸೀನು. ಎಷ್ಟೊತ್ಗೆ ಇಳಿಯೋದು?"

"ಯಾರು ಇಳಿಯೋದು?"

"ಇನ್ಯಾರು, ಮಿನಿಸ್ಟ್ರು."

"ಯಾವ ಮಿನಿಸ್ಟ್ರು?"

"ನಿಂಗೇ ಗೊತ್ತಿಲ್ವಾ? ಓದ್ ಎಲೆಕ್ಸನ್ನಲ್ಲೂ ನೀನೇ ತಾನೆ ಮೈಕಲ್ಲಿ ಕೂಗಿದ್ದು. ಅದೇ ಆಟೋ, ಅದೇ ಗಂಟ್ಲು. ಅವತ್ತೂ ಎಲಿಕ್ಯಾಪ್ಟ್ರು ಬತ್ತದೆ ಅಂದೆ, ಬಂತು."

ಈ ಕೆಲಸಕ್ಕೆ ಮೊದಲು ನಾನು ಮೈಕಿನ ಆಟೋದವನು. ಸೀರೆ ಸೇಲು, ನಾಟಕ, ಎಲೆಕ್ಷನ್ನು. "ಗುರುವಾರ ನಿಮ್ಮೂರಿಗೆ ಹೆಲಿಕಾಪ್ಟರ್ ಬರುತ್ತದೆ, ಸರ್ವೆ ಕೆಲಸಕ್ಕೆ, ಯಾರೂ ಹೆದರಬೇಡಿ, ದನಕರು ಕಟ್ಟಿಕೊಳ್ಳಿ" ಎಂದು ಕೂಗಿ ಹೋಗಿದ್ದೆ.

"ಸರ್ವೆ ಅಂದಿದ್ನಲ್ಲ ಜವರಣ್ಣ."

"ಸರ್ವೆಯೋರು ಸರಪಳಿ ಇಡ್ಕೊಂಡು ಬೈಕಲ್ಲಿ ಬತ್ತಾರೆ. ಎಲಿಕ್ಯಾಪ್ಟ್ರಲ್ಲಿ ಯಾವನ್ಲಾ ಸರ್ವೆ ಮಾಡ್ತಾನೆ?"

ಸುತ್ತಲಿದ್ದವರು ನಕ್ಕರು. ನಾನು ಮೇಲೆ ಕೈ ತೋರಿಸಿದೆ. "ಈ ತಂತಿ?"

"ಅದಾ." ಅವನ ಮುಖ ಅರಳಿತು. "ಕಂಟ್ರಾಕ್ಟ್ರು ಮನೆ ಮುಂದೆ ಓಗಿ ಕುಂತ್ಬುಟ್ವಿ. ಮಿನಿಸ್ಟ್ರು ಬಂದಾಗ ಬೋರೇದೇವ್ರಿಗೆ ಲೈಟಿಲ್ಲ ಅಂದ್ರೆ ನಿನ್ ಎಸ್ರೇ ಏಳ್ತೀವಿ ಅಂದ್ವಿ. ಎಲ್ಡ್ ವರ್ಸ ಆಗದೆ ಇದ್ದುದ್ದು ಎಲ್ಡ್ ದಿನಕ್ಕಾಯ್ತು. ಎಲ್ಲ ನಿನ್ ಬಾಯಿ ಪುಣ್ಯ ಕಣ್ಲಾ."

ನನ್ನ ಬಾಯಿಯ ಪುಣ್ಯ. ತಂತಿ ಎಳೆಸಿದವನೂ ನಾನೇ, ತಂತಿ ಇಲ್ಲ ಎಂದು ಬರೆದವನೂ ನಾನೇ.

ಆಗಲೇ ಫೋನ್ ತೆಗೆಯಬೇಕಿತ್ತು. ಬೇಸ್ ಕ್ಯಾಂಪಿನಲ್ಲಿ ರೇಡಿಯೋ ಮುಂದೆ ಕೂರುವ ತಮ್ಮಯ್ಯನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಹಾಳೆ ತೆಗೆಯುತ್ತಾರೆ, ತಾರೀಖು ನೋಡುತ್ತಾರೆ. ನಾನು ಫೋನ್ ತೆಗೆಯಲಿಲ್ಲ. ಕಂಬದ ಬುಡದಲ್ಲಿ ಕೂತು ಬೀಡಿ ಸೇದುತ್ತಿದ್ದ ಲೈನ್‌ಮನ್ ಚಿಕ್ಕಮಾದಯ್ಯನ ಹತ್ತಿರ ಹೋದೆ.

"ಅಣ್ಣ, ಇದನ್ನ ಇಳಿಸ್ಬುಡು. ಒಂದ್ ಗಂಟೆ ಸಾಕು, ಆಮೇಲೆ ಮತ್ತೆ ಏರ್ಸು."

ಅವನು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. "ಸೀರೆ ಒಣಗಾಕಿದ್ದೀನಿ ಅನ್ಕಂಡ್ಯಾ? ಎಳಿಯೋಕೆ ಇಪ್ಪತ್ತಾಳು. ಇಳ್ಸೋಕೆ ಸಂಜೆ ಆಯ್ತದೆ."

"ಕಟ್ ಮಾಡು ಹಂಗಾರೆ."

"ಏನ್ಲಾ ಅಂದೆ?" ಜವರಯ್ಯ ಹಿಂದೆಯೇ ಬಂದಿದ್ದ. ನಗು ಹೋಗಿತ್ತು. "ದೇವ್ರ್ ಲೈನ್ ಕಟ್ ಮಾಡಿಸ್ತೀಯಾ?"

ಸದ್ದು ವಾಪಸು ಬಂತು. ಪೂರ್ವಕ್ಕೆ ಹೋಗುತ್ತ, ಈ ಸಲ ಎದೆಗೆ ತಾಗುವಷ್ಟು ಹತ್ತಿರ. ಬಯಲಿನ ಅಂಚಿನ ತೆಂಗಿನ ಸಾಲಿನ ಮೇಲೆ ಹೆಲಿಕಾಪ್ಟರ್ ಒಂದು ಕ್ಷಣ ಕಂಡಿತು. ಅದರ ಕೆಳಗೆ ಬಳೆ, ಹಿಂದಕ್ಕೆ ವಾಲಿಕೊಂಡು. ಜನ ಹೋ ಎಂದರು.

"ದಾರಿ ತಪ್ಪವ್ರೆ," ಅಂದಳು ಒಬ್ಬ ಮುದುಕಿ. "ಯಾರಾರ ಟವೆಲ್ ಬೀಸ್ರಲಾ."

ನಾನು ಈ ಜನರ ಲೆಕ್ಕವನ್ನೇ ಹಾಕಿರಲಿಲ್ಲ. ಬಳೆ ತಂತಿಗೆ ಸಿಕ್ಕರೆ ಹೆಲಿಕಾಪ್ಟರಿನ ಇಬ್ಬರು ಮಾತ್ರ ಅಲ್ಲ. ಅದು ಬೀಳುವುದು ಇಲ್ಲಿ. ಈ ಸುಣ್ಣದ ವೃತ್ತದಲ್ಲಿ, ಈ ತಟ್ಟೆಗಳ ಮೇಲೆ.

"ಎಲ್ಲ ಇಲ್ಲಿಂದ ಹೋಗಿ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಊರೂರು ಕೂಗಿದ ಗಂಟಲು ಅದು.

ಫೋನ್ ತೆಗೆದೆ. ಸಿಗ್ನಲ್ ಇಲ್ಲ. ದಕ್ಷಿಣದ ಗುಡ್ಡ ಹತ್ತತೊಡಗಿದೆ. ಚಪ್ಪಲಿ ಎಲ್ಲಿ ಬಿತ್ತೋ ತಿಳಿಯದು. ಬಂಡೆ ಕಾದಿತ್ತು. ಅಮ್ಮಿ ಕಲಿಸಿದ ದುವಾ ಹೇಳಲು ಹೋದರೆ ಮೊದಲ ಪದ ದಾಟಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳುತ್ತಾ ಹತ್ತಿದೆ. ಅಷ್ಟರಲ್ಲಿ ಹೆಲಿಕಾಪ್ಟರ್ ಪೂರ್ವದಲ್ಲಿ ತಿರುಗಿ, ಗುಡ್ಡದ ಆ ಮಗ್ಗುಲಿನಲ್ಲಿ ಪಶ್ಚಿಮಕ್ಕೆ ಹೊರಟಿತ್ತು. ಇದು ಮುಗಿದರೆ ಮುಂದಿನದು ನಮ್ಮ ಗೆರೆ. ಎರಡು ಗೀಟು ಸಿಗ್ನಲ್ ಬಂತು.

"ಹೇಳಪ್ಪ," ಅಂದ ತಮ್ಮಯ್ಯ. ಏನನ್ನೋ ಅಗಿಯುತ್ತಿದ್ದ.

"ತಂತಿ ಇದೆ. ಬೋರೇದೇವರ ಗುಡ್ಡದಲ್ಲಿ ತಂತಿ ಇದೆ. ನಿಲ್ಲಿಸಿ."

"ನನ್ ಮ್ಯಾಪಲ್ಲಿ ದೇವ್ರು ಇಲ್ಲ ಕಣಯ್ಯ. ಲೈನ್ ನಂಬರ್ ಹೇಳು."

ನಂಬರ್ ನೆನಪಾಗಲಿಲ್ಲ. ಹಾಳೆಗಳ ನನ್ನ ನಕಲು ಕೆಳಗೆ ಆಟೋದಲ್ಲಿತ್ತು. "ಈಗ ಹಾರ್ತಿದ್ದಾರಲ್ಲ, ಅದರ ಮುಂದಿಂದು."

ಕಾಗದ ಮಗುಚುವ ಸದ್ದು. ನಿಧಾನವಾಗಿ, ಒಂದೊಂದೇ. "ನಲವತ್ತೇಳು. ಇಲ್ಲಿ ತಂತಿ ಇಲ್ಲ ಅಂತ ಬರ್ದಿದ್ದೀಯಲ್ಲ. ನಿನ್ನೆ ತಾರೀಖಿಗೆ ಸಹಿ ಇದೆ."

"ನಿನ್ನೆ ನಾನು ಬಂದೇ ಇಲ್ಲ."

ಅಗಿಯುವುದು ನಿಂತಿತು.

"ಬರದೆ ಸಹಿ ಹಾಕಿದ್ದೀನಿ ತಮ್ಮಯ್ಯಣ್ಣ. ಸುಳ್ಳು ಸಹಿ. ಅವರಿಗೆ ಹೇಳಿ."

ಫೋನನ್ನು ಮೇಜಿನ ಮೇಲಿಟ್ಟ ಸದ್ದು, ಆಮೇಲೆ ರೇಡಿಯೋದ ಕರಕರ. ಅವನು ಕರೆಯುತ್ತಿದ್ದ. ಉತ್ತರ ಬರುತ್ತಿರಲಿಲ್ಲ. ಮತ್ತೆ ಕರೆದ. ಹೆಲಿಕಾಪ್ಟರ್ ಪಶ್ಚಿಮದಲ್ಲಿ ತಿರುವಿಗೆ ವಾಲಿತು, ನೆಟ್ಟಗಾಯಿತು, ಮೂಗನ್ನು ಗುಡ್ಡಗಳ ನಡುವಿನ ಬಯಲಿಗೆ ಇಟ್ಟಿತು.

ನಾನು ನಿಂತ ಎತ್ತರಕ್ಕೇ ಅದು ಬರುತ್ತಿತ್ತು. ಮೊದಲ ಸಲ ಅದನ್ನು ಎದುರಿನಿಂದ ನೋಡಿದೆ. ದೊಡ್ಡದಾಗುತ್ತಿತ್ತು, ಆದರೆ ಹತ್ತಿರ ಬರುತ್ತಿರುವಂತೆ ಕಾಣುತ್ತಿರಲಿಲ್ಲ. ಗಾಜಿನ ಹಿಂದೆ ಬಿಳಿ ಹೆಲ್ಮೆಟ್ಟು. ಬಳೆ ಬಯಲಿನ ಬೇಲಿ ದಾಟಿತು. ಕೆಳಗೆ ಜನ ಕೈ ಬೀಸುತ್ತಿದ್ದರು. ನಾನೂ ಎರಡು ಕೈ ಎತ್ತಿ ಬೀಸಿದೆ. ಮೇಲಿನಿಂದ ನೋಡಿದವರಿಗೆ ನಾನೂ ಸ್ವಾಗತಕ್ಕೆ ನಿಂತವನೇ.

ತಮ್ಮಯ್ಯನ ಕರೆ ಕೊನೆಗೂ ತಲುಪಿರಬೇಕು, ಮೂಗು ಎದ್ದಿತು. ಎಂಜಿನ್ನಿನ ಸದ್ದು ಬದಲಾಯಿತು, ಕಿರುಚಿದ ಹಾಗೆ. ಹೆಲಿಕಾಪ್ಟರ್ ಏರಿತು, ಆದರೆ ಬಳೆ ಏರಲಿಲ್ಲ; ಹಗ್ಗದ ತುದಿಯಲ್ಲಿ ಅದು ತನ್ನ ಪಾಡಿಗೆ ಮುಂದಕ್ಕೆ ಜೀಕಿತು, ತಂತಿಯತ್ತ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅದು ತಂತಿಯ ಆ ಕಡೆ ಇತ್ತು. ಮೂರು ತಂತಿಗಳೂ ಗಾಳಿಗೆ ಅಲುಗುತ್ತಿದ್ದವು. ಅಂತರ ಎಷ್ಟಿತ್ತು ಎಂದು ನನ್ನನ್ನು ಕೇಳಬೇಡಿ.

ಸುಣ್ಣದ ಪುಡಿ ಎದ್ದು ಜನರನ್ನೆಲ್ಲ ಬೆಳ್ಳಗೆ ಮಾಡಿತ್ತು. ಜವರಯ್ಯ ಹಾರ ಹಿಡಿದೇ ತಲೆ ಎತ್ತಿ ನನ್ನತ್ತ ಕೂಗಿದ. "ನೀನೇನ್ಲಾ ಫೋನ್ ಮಾಡ್ದೆ? ಇಳಿಯೋರ್ನ ಓಡಿಸ್ಬುಟ್ಯಲ್ಲೋ."

ಬಂಡೆಯ ಮೇಲೆ ಕೂತೆ. ಇಪ್ಪತ್ತು ನಿಮಿಷದ ಮೇಲೆ ಫೋನ್ ಬಂತು. ಸ್ನೇಹ. ಹಿಂದೆ ರೆಕ್ಕೆ ನಿಧಾನವಾಗುವ ಸದ್ದು ಕೇಳುತ್ತಿತ್ತು. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಸುಲಭವಾಗುತ್ತಿತ್ತು.

"ಯಾಸಿನ್. ನಾಳೆಗೆ ಹನ್ನೆರಡು ಲೈನ್ ಇದೆ. ನಾಡಿದ್ದಿಗೆ ಹತ್ತು. ಎಲ್ಲಕ್ಕೂ ನಿನ್ನ ಸಹಿ ಇದೆ. ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು?"

ಇದೊಂದೇ ಮೇಡಂ. ಮಾತು ತುದಿನಾಲಿಗೆಯಲ್ಲಿತ್ತು. ಅಂದಿದ್ದರೆ ಅವಳು ನಂಬುತ್ತಿದ್ದಳು, ನಾಳೆ ಬೆಳಿಗ್ಗೆ ಬೆಲ್ಟು ಬಿಗಿದುಕೊಂಡು ಹತ್ತುತ್ತಿದ್ದಳು. ಹೋಟೆಲಿನ ಮೇಜುಗಳನ್ನು ನೆನೆಯಲು ನೋಡಿದೆ. ಕಿಕ್ಕೇರಿಯದು, ಬಸ್ ಸ್ಟ್ಯಾಂಡಿನದು. ಯಾವ ಮೇಜಿನ ಮೇಲೆ ಎಷ್ಟು ಹಾಳೆ, ತಿಳಿಯಲಿಲ್ಲ.

"ನೆನಪಿಲ್ಲ," ಅಂದೆ. "ಒಂದನ್ನೂ ನಂಬಬೇಡಿ."

ಅವಳು ಫೋನ್ ಇಡಲಿಲ್ಲ. ರೆಕ್ಕೆಯ ಸದ್ದು ಪೂರ್ತಿ ನಿಂತ ಮೇಲೂ ಅವಳು ಉಸಿರಾಡುವುದು ನನಗೆ ಕೇಳುತ್ತಿತ್ತು.