ಚೊಚ್ಚಲ ಹೆರಿಗೆಯ ಹಕ್ಕುದಾರರು

ಹೆರಿಗೆ ನೋವಿನ ಬಗ್ಗೆ ಗಂಡಸರಿಗೆ ಇರುವಷ್ಟು ಭಕ್ತಿ ಹೆರುವವರಿಗೆ ಇರುವುದಿಲ್ಲ. ಶರಣು ಹೆಬ್ಬಾಳದ ಕಂಪನಿಯೊಂದರಲ್ಲಿ ಎಚ್.ಆರ್. ಕೆಲಸದಲ್ಲಿದ್ದ. ಹೆಂಡತಿ ಅಕ್ಷಯಾ ಬಸುರಿಯಾದ ಮೇಲೆ ಮೊಬೈಲಿನಲ್ಲಿ ವಿಡಿಯೊ ನೋಡಲು ಶುರುಮಾಡಿದವನಿಗೆ ಅವಳ ಹೊಟ್ಟೆ ಕಾಣಿಸಿಕೊಳ್ಳುವ ಹೊತ್ತಿಗೆ ಎಲ್ಲ ಗೊತ್ತಾಗಿಬಿಟ್ಟಿತ್ತು. ಆಸ್ಪತ್ರೆ ಎಂದರೆ ವ್ಯಾಪಾರ. ಇಂಜೆಕ್ಷನ್ ಎಂದರೆ ವಿಷ. ನಮ್ಮ ಅಜ್ಜಿಯಂದಿರು ಹೊಲದಲ್ಲಿ ಹೆತ್ತು ಸಂಜೆಗೆ ಕಳೆ ಕಿತ್ತವರು.

"ನಿಮ್ಮಜ್ಜಿ ಹೆಂಗ ತೀರ್ಕೊಂಡ್ರು?" ಎಂದು ಅಕ್ಷಯಾ ಕೇಳಿದಳು.

ಅವನ ಅಜ್ಜಿ ತೀರಿಕೊಂಡದ್ದು ಎರಡನೆಯ ಹೆರಿಗೆಯಲ್ಲಿ. "ಅದು ಬ್ಯಾರೆ ವಿಷಯ," ಎಂದ ಶರಣು.

ಯಲಹಂಕದ ಡಾಕ್ಟರು ಅಕ್ಷಯಾಳಿಗೆ ಸ್ಪಷ್ಟವಾಗಿ ಹೇಳಿದ್ದರು. "ಬಿಪಿ ಏರ್ತಾ ಇದೆ ಕಣಮ್ಮ. ಆಪರೇಷನ್ ಥಿಯೇಟರ್ ಇರೋ ಕಡೆನೇ ಡೆಲಿವರಿ ಆಗ್ಬೇಕು." ಅಕ್ಷಯಾ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮೀಟರ್ ತೋರಿಸಿದ್ದನ್ನು ನಂಬುವುದು ಅವಳ ಅಭ್ಯಾಸ. ಅವಳಿಗೆ ಬೇಕಾಗಿದ್ದುದು ಒಂದು ಆಸ್ಪತ್ರೆ, ನೋವು ತಡೆಯಲು ಬೆನ್ನಿಗೆ ಕೊಡುವ ಇಂಜೆಕ್ಷನ್. ಗಂಡ ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿರಲಿ ಎಂದೂ ಆಸೆಯಿತ್ತು. ಸಿಗದ್ದನ್ನು ಕೇಳಬಾರದೆಂದು ಅದನ್ನು ಕೇಳಲಿಲ್ಲ.

ಶರಣು ಆಗಲೇ ರಾಜಾನುಕುಂಟೆಯ 'ಪ್ರಸವ ಕುಟೀರ'ದಲ್ಲಿ ಜಾಗ ಹಿಡಿದಿದ್ದ. ಅದನ್ನು ನಡೆಸುತ್ತಿದ್ದವನು ಉಮೇಶ್. ಅವನ ತಾತನ ರಾಗಿ ಹೊಲದಲ್ಲಿ ಮುಕ್ಕಾಲು ಪಾಲು ಲೇಔಟ್ ಆಗಿತ್ತು. ಉಳಿದದ್ದರಲ್ಲಿ ಮೊದಲು ಕಂಪನಿಯವರ ಮೋಜಿಗೆ ರೆಸಾರ್ಟ್ ಮಾಡಿದ. ಅದು ಮುಚ್ಚಿತು. ಆಮೇಲೆ ದನದ ಕೊಟ್ಟಿಗೆಗೆ ಸುಣ್ಣ ಹೊಡೆಸಿ, ಗಾಳಿ ತುಂಬುವ ನೀಲಿ ತೊಟ್ಟಿಯೊಂದನ್ನು ಇಟ್ಟು, ಹೆಂಗಸರನ್ನು ಸಹಜವಾಗಿ ಹೆರಿಸಲು ಹೊರಟ.

ಒಂದು ಭಾನುವಾರ ಶರಣು ಹೆಂಡತಿಯನ್ನು ಅಲ್ಲಿಗೆ ಕರೆದುಕೊಂಡು ಹೋದ.

"ಪೇನ್ ಅನ್ನೋದೆಲ್ಲ ಮೈಂಡ್‌ನಲ್ಲಿರೋದು ಮೇಡಂ," ಎಂದ ಉಮೇಶ್.

"ನಿಮಗ ಕಿಡ್ನಿ ಸ್ಟೋನ್ ಆಗಿತ್ತೇನ್ರಿ ಯಾವಾಗಾದ್ರೂ?"

"ಹೋದ್ವರ್ಷ ಆಗಿತ್ತಲ್ಲ. ಆಪರೇಷನ್ ಮಾಡಿಸ್ಕೊಂಡೆ."

"ಮೈಂಡಿಗೇನ್ರಿ?"

ಶರಣು ಕೆಮ್ಮಿದ. ಉಮೇಶ್ ಅವರನ್ನು ಹೊಂಗೆ ಮರದ ಕಡೆ ಕರೆದುಕೊಂಡು ಹೋದ. ಮರದ ಕೆಳಗೆ ಮಂಚದ ಮೇಲೆ ಮುದುಕಿಯೊಬ್ಬಳು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಹಿಂದಿನ ಬೋರ್ಡಿನಲ್ಲಿ 'ಪಾರಂಪರಿಕ ಸೂಲಗಿತ್ತಿ ವೆಂಕಟಲಕ್ಷ್ಮಮ್ಮ' ಎಂದಿತ್ತು. ಉಮೇಶನ ತಾಯಿ. ಗಂಡಸರಿಬ್ಬರೂ ತೊಟ್ಟಿ ನೋಡಲು ಒಳಗೆ ಹೋದಾಗ ಅಕ್ಷಯಾ ಮಂಚದ ತುದಿಗೆ ಕೂತಳು.

"ಅಜ್ಜಿ, ಭಾಳ ಹೆರಿಗಿ ಮಾಡ್ಸೀರೇನ್ರಿ?"

"ಅಸ ಕರ ಆಕ್ದಾಗ ಕೈ ಕೊಟ್ಟಿವ್ನಿ ಕಣವ್ವ. ಎಮ್ಮೇದೂ ಮಾಡಿವ್ನಿ. ಮನ್ಸರ್ದು ನಂಗೇನ್ ಗೊತ್ತು? ನಮ್ ಉಮೇಸ ಇಲ್ ಕೂತ್ಕೋ ಅಂದ, ಕೂತಿವ್ನಿ."

"ನಿಮ್ ಸೊಸೀದು ಇಲ್ಲೇ ಆತ?"

"ರಮ್ಯಂದಾ? ಇಲ್ಲ್ಯಾಕವ್ವ ಆಗ್ತದೆ? ಎಬ್ಬಾಳದ್ ದೊಡ್ಡಾಸ್ಪತ್ರೇಲಿ. ಅಯ್ನೋರು ಟೇಮ್ ನೋಡ್ಕೊಟ್ಟಿದ್ರು. ಆ ಟೇಮ್ಗೆ ಸರ್ಯಾಗಿ ಕುಯ್ದು ತೆಗುದ್ರು. ಮಗ ಚೆಂದಾಗೈತೆ."

ವಾಪಸು ಬರುವಾಗ ಅಕ್ಷಯಾ ಇದನ್ನು ಗಂಡನಿಗೆ ಹೇಳಿದಳು.

"ಮುದುಕಿಗೆ ಮರವು," ಎಂದ ಶರಣು. "ನೀ ನೆಗೆಟಿವ್ ವಿಚಾರ ಮಾಡಬ್ಯಾಡ. ಕೂಸಿಗೆ ತಾಗ್ತೈತಿ."

ಅವನಿಗೆ ಸತ್ಯ ಹೇಳಿ ಪ್ರಯೋಜನವಿಲ್ಲ ಎಂದು ಅಕ್ಷಯಾಳಿಗೆ ಅರ್ಥವಾಯಿತು. ಅವನು ಎರಡಕ್ಕೆ ಮಾತ್ರ ತಲೆಬಾಗುತ್ತಿದ್ದ. ಒಂದು ಸಂಪ್ರದಾಯ, ಇನ್ನೊಂದು ಅವನಪ್ಪ. ಎರಡನ್ನೂ ಒಂದೇ ದಿನ ಮನೆಗೆ ಕರೆಸಬೇಕು.

"ಕುಬಸ ದೊಡ್ಡದಾಗಿ ಮಾಡೂಣ್ರಿ," ಎಂದಳು ಆ ರಾತ್ರಿ ಊಟಕ್ಕೆ ಬಡಿಸುತ್ತ. "ಸೀರಿ, ಬಳಿ, ಉಡಿ ತುಂಬೂದು, ಎಲ್ಲಾ ನಮ್ಮ ಕಡೆ ಮಾಡ್ದಂಗ. ಮಾವಾರನ್ನೂ ಕರಸ್ರಿ."

ಸೀಮಂತದ ಮಾತಿಗೆ ಶರಣು ಕರಗಿಹೋದ. ಫೋಟೊದವನನ್ನೂ ಗೊತ್ತು ಮಾಡಿದ, ಉಮೇಶನನ್ನೂ ಕರೆದ. ಅಕ್ಷಯಾ ಯಶವಂತಪುರದಲ್ಲಿದ್ದ ತನ್ನ ತಾಯಿ ಚನ್ನಕ್ಕನಿಗೆ ಫೋನು ಮಾಡಿ ಬೇರೆಯೇ ಮಾತಾಡಿದಳು. ಚನ್ನಕ್ಕ ಮೆಸ್ಸುಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಹೆಂಗಸು. ಊರಲ್ಲಿ, ಮನೆಯಲ್ಲೇ ಮೂರು ಹೆತ್ತಿದ್ದಳು. ಉಳಿದದ್ದು ಅಕ್ಷಯಾ ಒಬ್ಬಳು. ಆ ಎರಡರ ಮಾತು ಅವಳು ಎಂದೂ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ. "ಬರ್ತೀನಿ, ನೀ ಸುಮ್ನಿರು," ಎಂದಳು.

ಕುಬಸದ ದಿನ ತಾರಸಿಯ ಮೇಲೆ ಶಾಮಿಯಾನ ಹಾಕಿಸಿದ್ದರು. ವಿಜಯಪುರದಿಂದ ಶರಣುವಿನ ತಂದೆ ವೀರಬಸಪ್ಪ ಹಿರಿಯರಿಬ್ಬರನ್ನು ಕಟ್ಟಿಕೊಂಡು ಬಂದಿದ್ದ. ಹಸಿರು ಸೀರೆ ಉಟ್ಟ ಅಕ್ಷಯಾಳನ್ನು ಕೂರಿಸಿದ ಮೇಲೆ ಶರಣು ಮೈಕ್ ಹಿಡಿದ. "ನಮ್ಮ ಹಿರಿಯರು ಮಾಡಿದ್ದಕ್ಕೆಲ್ಲಾ ಅರ್ಥ ಐತಿ. ಯಾವ ಕಾರಣಕ್ಕೂ ಅದನ್ನ ನಾವು ಮುರೀಬಾರದು." ಹಿರಿಯರು ತಲೆದೂಗಿದರು.

ಚನ್ನಕ್ಕ ಮಗಳ ಉಡಿಗೆ ಕೊಬ್ಬರಿ, ಉತ್ತತ್ತಿ, ಅಡಿಕೆ ತುಂಬಿದಳು. ಸೆರಗು ಸರಿಮಾಡಿಕೊಂಡು ಬೀಗರ ಎದುರು ನಿಂತಳು.

"ಬೀಗರ, ಉಡಿ ತುಂಬೇನ್ರಿ. ಮಗಳನ್ನ ಕರ್ಕೊಂಡು ಹೋಗ್ತೀನಿ. ಆಟೋ ಕೆಳಗ ನಿಂತೈತಿ."

"ಆಗ್ಲೇಳ್ರಿ ಅಕ್ಕಾರ," ಎಂದ ವೀರಬಸಪ್ಪ.

ಶರಣುವಿನ ಕೈಯಲ್ಲಿ ಮೈಕ್ ಇನ್ನೂ ಇತ್ತು. "ಅತ್ತಿ, ಅದು ಹಂಗಲ್ರಿ. ರಾಜಾನುಕುಂಟ್ಯಾಗ ನಾ ಎಲ್ಲಾ ವ್ಯವಸ್ಥಾ ಮಾಡೇನಿ." ಅವನ ಮಾತು ಪಕ್ಕದ ಬೀದಿಗೂ ಕೇಳಿಸಿತು.

"ಏನ್ ವ್ಯವಸ್ಥಾ?" ಎಂದ ವೀರಬಸಪ್ಪ. "ಚೊಚ್ಚಲ ಹೆರಿಗಿ ಗಂಡ ಮಾಡಸ್ತಾನೇನಲೇ? ತವರಿನ ಹಕ್ಕದು. ಈಗರ ಮೈಕ್ ಹಿಡ್ಕೊಂಡು ಏನ್ ಅಂದಿ?"

ಉಮೇಶ್ ನೆರವಿಗೆ ಬಂದ. ಬರಬಾರದಿತ್ತು. "ಯಜಮಾನ್ರೇ, ಒಳ್ಳೇ ಜಾಗ. ಮುಂಚೆ ದನದ ಕೊಟ್ಟಿಗೆ ಇತ್ತು, ಈಗ ಫುಲ್ ರಿನೋವೇಟ್ ಮಾಡ್ಸಿದೀವಿ."

ವೀರಬಸಪ್ಪ ಅವನನ್ನು ನೋಡಲೂ ಇಲ್ಲ. ಮಗನನ್ನು ನೋಡಿದ. "ನನ್ನ ಸೊಸಿ ದನದ ಮನ್ಯಾಗ ಹಡೀಬೇಕೇನಲೇ?"

ಫೋಟೊದವನು ಇದನ್ನೂ ತೆಗೆದ. ಅಕ್ಷಯಾ ಉಡಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದಳು.

ಅವಳ ತವರೆಂದರೆ ಯಶವಂತಪುರದ ಮಾರುಕಟ್ಟೆ ಹಿಂದಿನ ಓಣಿಯಲ್ಲಿ ಒಂದು ಕೋಣೆ, ರೊಟ್ಟಿಯ ಹೊಗೆ, ಒಂದು ಫ್ಯಾನು. ಆದರೆ ಪಕ್ಕದ ರಸ್ತೆಯಲ್ಲೇ ಆಸ್ಪತ್ರೆಯಿತ್ತು. ಅವಳಿಗೆ ತವರಿನಿಂದ ಬೇಕಾಗಿದ್ದುದು ಅಷ್ಟೇ.

ದಿನ ತುಂಬುವ ಮೊದಲೇ ಬಿಪಿ ಏರಿತು. ಬೆಳಿಗ್ಗೆ ತಿಂಡಿ ಹೊತ್ತಿಗೆ ಕಣ್ಣು ಮಂಜಾಗಿ ತಲೆ ಸಿಡಿಯತೊಡಗಿತು. ತಾಯಿ ಮಗಳು ಆಸ್ಪತ್ರೆ ಸೇರುವ ಹೊತ್ತಿಗೆ ನೋವೂ ಶುರುವಾಗಿತ್ತು. ಆಸ್ಪತ್ರೆಯೇನೂ ದೇವಸ್ಥಾನವಾಗಿರಲಿಲ್ಲ. "ಕಿರುಚ್ಬೇಡಮ್ಮ, ನೀನೊಬ್ಳೇನಾ ಹೆರ್ತಿರೋದು," ಎಂದು ನರ್ಸೊಬ್ಬಳು ಗದರಿದಳು. ಬೆನ್ನಿನ ಇಂಜೆಕ್ಷನ್ ಕೇಳಿದರೆ, "ಹಸ್ಬೆಂಡ್ ಎಲ್ಲಿ, ಸೈನ್ ಬೇಕು," ಎಂದಳು.

"ಹಡಿಯಾಕಿ ಇಲ್ಲೇ ಅದಾಳಲ್ರಿ," ಎಂದಳು ಚನ್ನಕ್ಕ. "ಆಕೀ ಕಡಿಂದನ ಮಾಡಿಸ್ಕೋರಿ."

ನರ್ಸು ಗೊಣಗುತ್ತ ಪೆನ್ನು ಕೊಟ್ಟಳು. ಅಕ್ಷಯಾ ಸಹಿ ಹಾಕಿದಳು. ಮಧ್ಯಾಹ್ನಕ್ಕೆ ಹೆಣ್ಣು ಕೂಸು ಹುಟ್ಟಿತು.

ಸಂಜೆ ಶರಣು ಬಂದ. ಕೂಸನ್ನು ನೋಡಿದ, ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ, "ಇಂಜೆಕ್ಷನ್ ತಗೊಂಡಿಯೇನು?" ಎಂದ.

"ತಗೊಂಡೆ."

"ಒಂದ್ ಅನುಭವ ಕಳ್ಕೊಂಡಿ ನೋಡು."

"ಮುಂದಿನ ಸಲ ನೀವು ತಗೋರಿ," ಎಂದಳು ಅಕ್ಷಯಾ.

ತಿಂಗಳಾಗುವಷ್ಟರಲ್ಲಿ ರಾಜಾನುಕುಂಟೆ ರಸ್ತೆಯಲ್ಲಿ ಪ್ರಸವ ಕುಟೀರದ ಫ್ಲೆಕ್ಸ್ ಬಂತು. ಕುಬಸದ ಫೋಟೊ, ಹಸಿರು ಸೀರೆಯ ಅಕ್ಷಯಾ, ಕೆಳಗೆ 'ನಮ್ಮ ಹೆಮ್ಮೆಯ ತಾಯಿ'. ಫೋಟೊ ಕೊಟ್ಟವನು ಶರಣುವೇ. ಮೇಲಾಗಿ ಫೋನು ಮಾಡಿದ. ಕುಟೀರದಲ್ಲಿ ಸಮಾರಂಭವಂತೆ. ಕೂಸಿನ ಸಮೇತ ವೇದಿಕೆ ಮೇಲೆ ಕೂತರೆ ಸಾಕಂತೆ, ಮಾತಾಡಬೇಕಿಲ್ಲವಂತೆ.

"ಬಾಣಂತಿ ಹೊಸ್ತಿಲಾ ದಾಟಂಗಿಲ್ರಿ," ಎಂದಳು ಅಕ್ಷಯಾ. "ಐದು ತಿಂಗಳು. ಬೇಕಾದ್ರ ಮಾವಾರನ್ನ ಕೇಳ್ರಿ. ಆ ಫ್ಲೆಕ್ಸ್ ಇಳಸ್ರಿ, ಇಲ್ಲಾಂದ್ರ ದನದ ಮನಿ ಬೋರ್ಡಿನ ಮ್ಯಾಲೆ ಸೊಸಿ ಫೋಟೊ ಐತಿ ಅಂತ ಅವರಿಗೆ ನಾನ ಹೇಳ್ತೀನಿ."

ಫೋನು ಇಟ್ಟಳು. ಕೋಣೆ ಕುದಿಯುತ್ತಿತ್ತು. ಕಿವಿಗೆ ಹತ್ತಿ, ಮೈಮೇಲೆ ಸ್ವೆಟರ್, ಹೊರಸಿನ ಕೆಳಗೆ ಕೆಂಡ.

"ಯವ್ವಾ, ಫ್ಯಾನ್ ಹಾಕು."

"ಬಾಣಂತಿಗೆ ಗಾಳಿ ಬ್ಯಾಡವ್ವಾ," ಎಂದಳು ಚನ್ನಕ್ಕ ರೊಟ್ಟಿ ತಟ್ಟುತ್ತ. "ನಮ್ಮ ಹಿರಿಯರು..."

ಅಕ್ಷಯಾ ಕಿವಿಯ ಹತ್ತಿ ಕಿತ್ತು ಬಿಸಾಕಿ, ಎದ್ದು ಹೋಗಿ ಸ್ವಿಚ್ ಒತ್ತಿದಳು.